ಗೇಟಿನ ಕಂಬದ ಮೇಲಿನ ಬೂಟು

ದೆವ್ವ, ಶಕುನ, ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ನಮ್ಮ ಓರಗಿತ್ತಿ ಹಲ್ಲಿ ಲೊಚಗುಟ್ಟಿದರೂ ಪಂಚಾಂಗ ತೆಗೆಯುತ್ತಿದ್ದಳು. ಅವಳನ್ನು ನಾನು ಗೋಳು ಹೊಯ್ದುಕೊಂಡದ್ದು ಒಂದೆರಡು ಸಲವಲ್ಲ. ಹಾಗಾಗಿ ಈಗ ನೀವು ನಕ್ಕರೆ ನಾನು ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಆದರೆ ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು ಜನ ನಕ್ಕಾರು ಎಂದಲ್ಲ, ನಾಚಿಕೆಯಿಂದ. ಇದನ್ನು ಹೇಳಬೇಕೆಂದರೆ ನನ್ನ ಇಂಗ್ಲಿಷಿನ ಕಥೆಯನ್ನೂ ಹೇಳಬೇಕಾಗುತ್ತದೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದವಳು. ನಮ್ಮಪ್ಪ ಹೊಸೂರಿನ ಕಡೆ ರಾಗಿ, ಹುರುಳಿ ಬೆಳೆದುಕೊಂಡಿದ್ದವರು. ಮದರಾಸಿನಿಂದ ಹೆಣ್ಣು ನೋಡಲು ಬಂದವರು ಹುಡುಗಿ ಏನು ಓದಿದ್ದಾಳೆ ಎಂದು ಕೇಳಿದರು. ಅಪ್ಪ ಎಸ್ಸೆಸ್ಸೆಲ್ಸಿ ಎಂದರು. ಪಾಸೋ ಫೇಲೋ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನನಗೆ ಮುಖವೆಲ್ಲ ಬಿಸಿಯಾಯಿತು, ಅಷ್ಟೆ. ಮದುವೆಯಾಗಿ ಪೆರಂಬೂರಿನ ಮನೆಗೆ ಬಂದೆ. ನಮ್ಮವರು ರೈಲ್ವೆಯಲ್ಲಿ ಗುಮಾಸ್ತರು. ನಮ್ಮತ್ತೆಗೆ ಓದಿದ ಸೊಸೆ ಬಂದಳೆಂದು ಎಲ್ಲಿಲ್ಲದ ಜಂಬ. ನಿಜ ಗೊತ್ತಾದರೆ ಅಪ್ಪ ಈ ಮನೆಯ ಹೊಸಿಲು ತುಳಿಯುವ ಹಾಗಿಲ್ಲ ಎಂಬ ಹೆದರಿಕೆಯಲ್ಲೇ ನಾನು ದಿನ ದೂಡುತ್ತಿದ್ದೆ.

ಮಹಡಿಯ ಮೇಲೆ ನೋರಾ ಎಂಬ ಮುದುಕಿ ಇದ್ದರು. ಐರ್ಲೆಂಡಿನವರು. ಹರೆಯದಲ್ಲಿ ನರ್ಸಾಗಿ ಬಂದು, ಮದುವೆಯಾಗದೆ ಇಲ್ಲೇ ಉಳಿದುಬಿಟ್ಟಿದ್ದರು. ಬೀದಿಯವರೆಲ್ಲ ದೊರೆಸಾನಿ ಎನ್ನುತ್ತಿದ್ದರು. ನಮ್ಮ ಮಾರ್ಕೆಟ್ಟಿನ ಹೆಂಗಸರನ್ನೂ ಸೋಲಿಸುವಂಥ ತಮಿಳು ಅವರದು. ಅವರ ಅಣ್ಣ ಮೈಕೆಲ್ ಊರಿನಲ್ಲಿ ಹೊಲ, ಹಸು ನೋಡಿಕೊಂಡಿದ್ದ. ಅವನಿಗೆ ಬರೆಯುವ ಅಭ್ಯಾಸವಿಲ್ಲ. ಅವನ ಹೆಂಡತಿ ಬ್ರೈಡಿ ತಿಂಗಳಿಗೊಮ್ಮೆ ಕಾಗದ ಹಾಕುತ್ತಿದ್ದಳು. ನೋರಾ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಂತಾದಾಗ ನಮ್ಮತ್ತೆ ಎದೆಯುಬ್ಬಿಸಿ ಹೇಳಿದರು: "ನಮ್ ಸೊಸೆ ಇದಾಳಲ್ಲ, ಓದ್ತಾಳೆ ಬಿಡಿ." ದನದ ಮಾಂಸ ತಿನ್ನುವವರ ಮನೆಗೆ ಹೋಗಿ ಬಂದರೆ ಸೀರೆ ಬದಲಾಯಿಸಿಯೇ ಒಳಗೆ ಬರಬೇಕು, ಅದು ಬೇರೆ ಮಾತು.

ಅಚ್ಚಿನ ಅಕ್ಷರವಾಗಿದ್ದರೆ ಹೇಗೋ ತಡಕಾಡುತ್ತಿದ್ದೆನೇನೋ. ಬ್ರೈಡಿಯ ಬರವಣಿಗೆ ಕೋಳಿ ಕೆದರಿದ ಹಾಗೆ. ತೆಳ್ಳನೆ ನೀಲಿ ಕಾಗದ, ಎರಡೂ ಕಡೆ ಬರೆದು ಶಾಯಿ ಆಚೆಗೆ ಇಳಿದಿರುತ್ತಿತ್ತು. ಮೈಕೆಲ್ ಎಂಬ ಹೆಸರು, ಹಸು, ಮಳೆ, ಇಷ್ಟು ಬಿಟ್ಟರೆ ನನಗೆ ಒಂದೂ ದಕ್ಕಲಿಲ್ಲ. ನೋರಾ ಕುರ್ಚಿಯಲ್ಲಿ ಕೂತು "ಪಡಿ ಕಣ್ಣು" ಎಂದರು. ಓದು ಕಂದಾ ಎಂದು ಅರ್ಥ. ಇಂಗ್ಲಿಷಿನಲ್ಲಿ ಓದಲು ನಾಚಿಕೆ, ತಮಿಳಿನಲ್ಲಿ ಸಾರಾಂಶ ಹೇಳುತ್ತೇನೆ ಎಂದೆ. ಹೇಳಿದೆ. ಹಸು ಕರು ಹಾಕಿದೆ, ಹೆಣ್ಣುಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಮೈಕೆಲ್ ಅದರ ಮೈ ಒರೆಸಿ ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿದ. ಅಯ್ಯೋ, ಅದು ನಮ್ಮಪ್ಪನ ಕೊಟ್ಟಿಗೆಯ ಕರು! ನೋರಾ ಕಣ್ಣು ಮುಚ್ಚಿಕೊಂಡು ಕೇಳಿದರು, ಮುಖ ಅರಳಿತು.

ಹೀಗೇ ಎರಡು ವರ್ಷ ನಡೆಯಿತು. ನಮ್ಮಪ್ಪನ ಹೊಲವನ್ನು ಪೂರ್ತಿ ಐರ್ಲೆಂಡಿಗೆ ಸಾಗಿಸಿಬಿಟ್ಟೆ. ಮಳೆಗೆ ಗೋಡೆ ಬಿತ್ತು, ನನ್ನ ತಮ್ಮನ ಮಗು ಮೊದಲ ಮಾತಾಡಿತು, ಬಾವಿ ತೋಡುವಾಗ ಬಂಡೆ ಸಿಕ್ಕಿತು. ಪ್ರತಿ ಸಲವೂ ಇಳಿದು ಬಂದು ಬಚ್ಚಲಲ್ಲಿ ಮುಖ ತೊಳೆಯುವಾಗ ನನಗೆ ನನ್ನ ಮೇಲೆಯೇ ಹೇಸಿಗೆ. ಇನ್ನು ಸಾಕು, ಮುಂದಿನ ಸಲ ನಿಜ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕಾಗದ ಬಂದಾಗ ಧೈರ್ಯ ಬರುತ್ತಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಹೊಸ ಕಾಗದ ಹಿಡಿದು ಮೇಲೆ ಹೋದೆ. ಹುಲ್ಲಿನ ಬಣವೆಯ ಸುದ್ದಿ ಹೇಳೋಣ ಎಂದು ಮೆಟ್ಟಿಲ ಮೇಲೇ ಜೋಡಿಸಿಕೊಂಡಿದ್ದೆ. ಕಾಗದ ಬಿಡಿಸಿ ಬಾಯಿ ತೆರೆದರೆ ಹೊರಟದ್ದೇ ಬೇರೆ. "ಮೈಕೆಲ್ ಹೊಳೆಗೆ ಹೋಗಿದ್ದಾನೆ. ಬೂಟು ಗೇಟಿನ ಕಂಬದ ಮೇಲಿದೆ" ಎಂದೆ. ನನ್ನದೇ ದನಿ, ಆದರೆ ಆ ಮಾತು ನಾನು ಯೋಚಿಸಿದ್ದಲ್ಲ. ನೀವೇ ನೋಡಿ, ನಮ್ಮಪ್ಪ ಜನ್ಮದಲ್ಲಿ ಬೂಟು ಹಾಕಿದವರಲ್ಲ. ನಮ್ಮ ಹೊಲಕ್ಕಿದ್ದದ್ದು ಮುಳ್ಳುಬೇಲಿ, ಗೇಟೂ ಇಲ್ಲ, ಕಂಬವೂ ಇಲ್ಲ. ಹತ್ತಿರದಲ್ಲಿ ಹೊಳೆಯೂ ಇಲ್ಲ.

ನೋರಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ಒಂದು ಬೂಟೋ ಎರಡೋ ಎಂದು ಕೇಳಿದರು. ಎರಡೂ ಎಂದೆ, ಅದೂ ತಾನಾಗಿಯೇ ಬಂತು. ಆಗ ಅವರು ಮೆಲ್ಲಗೆ ಹೇಳಿದರು. ಚಿಕ್ಕವರಿದ್ದಾಗ ಅಣ್ಣ ತಂಗಿ ಹೊಳೆಗೆ ಬರಿಗಾಲಲ್ಲಿ ಓಡುತ್ತಿದ್ದರಂತೆ. ಮೊದಲು ಹೋದವರು ಬೂಟುಗಳನ್ನು ಗೇಟಿನ ಕಂಬದ ಮೇಲೆ ಇಡುವುದು. ಎರಡೂ ಇದ್ದರೆ ನಾನು ಮುಂದೆ ಹೋಗಿದ್ದೇನೆ, ಕಾಯಬೇಡ ಎಂದು ಗುರುತು. ಅದು ಅವರಿಬ್ಬರ ನಡುವಿನ ಗುಟ್ಟು, ಬ್ರೈಡಿಗೂ ಗೊತ್ತಿಲ್ಲ.

"ಬ್ರೈಡಿ ಹೀಗಂತ ಬರೆದಿದಾಳಾ?" ಎಂದು ಕೇಳಿದರು.

ಹೌದು ಎಂದೆ. ಆಗಲೂ ಹೌದು ಎಂದೆ. ಅವರು ತಡಕಾಡಿ ಜಪಮಣಿ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ನಾನು ಕಾಗದ ಅಲ್ಲೇ ಬಿಟ್ಟು ಇಳಿದು ಬಂದೆ.

ಕೆಲವು ದಿನ ಕಳೆದು ಕಪ್ಪು ಅಂಚಿನ ಲಕೋಟೆ ಬಂತು. ಸಾವಿನ ಸುದ್ದಿಯೆಂದು ನಮ್ಮತ್ತೆಗೂ ಹೊಳೆಯಿತು. ಒಳಗೆ ತರಬೇಡ, ಹಾಗೇ ಮೇಲೆ ಕೊಂಡುಹೋಗು ಎಂದರು. ನೋರಾ ಅದರ ಅಂಚನ್ನು ಬೆರಳಿಂದ ಸವರಿ ನನಗೇ ವಾಪಸು ಕೊಟ್ಟರು. ಇನ್ನು ತಡೆಯಲಾಗಲಿಲ್ಲ. ನನಗೆ ಓದಲು ಬರುವುದಿಲ್ಲ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದುಬಿಟ್ಟೆ.

"ತೆರಿಯುಂ ಕಣ್ಣು" ಎಂದರು ಅವರು. ಗೊತ್ತು ಕಂದಾ ಎಂದು. ಬ್ರೈಡಿ ಇಡೀ ಜೀವಮಾನದಲ್ಲಿ ಒಂದು ಕರುವಿನ ಬಗ್ಗೆ ಒಳ್ಳೆಯ ಮಾತಾಡಿದವಳಲ್ಲ, ಮೊದಲ ದಿನವೇ ತಿಳಿಯಿತು, ಕೇಳಲು ಹಿತವಾಗಿತ್ತು, ಸುಮ್ಮನಿದ್ದೆ ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಕೈ ಮುಂದೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡು ಮತ್ತೆ ಹೇಳಿದರು, "ಪಡಿ."

ಕಾಗದವನ್ನೇ ದಿಟ್ಟಿಸಿದೆ. ಹೋದ ಸಲ ಬಂದ ಹಾಗೆ ಏನಾದರೂ ಬರಲಿ ಎಂದು ಕಾದೆ. ಏನೂ ಬರಲಿಲ್ಲ. ಒಂದು ಸುಳ್ಳು ಕೂಡ ಬರಲಿಲ್ಲ.

ಅಂದು ಶನಿವಾರ, ನಮ್ಮವರು ಆಗ ತಾನೇ ಆಫೀಸಿನಿಂದ ಬಂದಿದ್ದರು. ಕೆಳಗಿಳಿದು ಅವರನ್ನೇ ಕರೆತಂದೆ. ಅವರು ಕಡತ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದರು. ನನಗೆ ಬರುವ ಇಂಗ್ಲಿಷೇ ಸಾಕಾಗುವಂಥ ಸಣ್ಣ ಮಾತುಗಳು. ಮೈಕೆಲ್ ತೀರಿಕೊಂಡ. ಮಂಗಳವಾರ. ಹೊಳೆ. ಬೂಟು. ಗೇಟು. ಅಲ್ಲಿ ಯಾಕೆ ಬಿಚ್ಚಿಟ್ಟನೋ ನಮಗೆ ಯಾರಿಗೂ ತಿಳಿಯಲಿಲ್ಲ, ನಿನಗೇನಾದರೂ ಗೊತ್ತೇ ಎಂದು ಬ್ರೈಡಿ ಕೇಳಿದ್ದಳಂತೆ. ಕಾಗದದ ಮೇಲಿನ ತಾರೀಖಿನಿಂದ ಹಿಂದಕ್ಕೆ ಎಣಿಸಿದರೆ, ನಾನು ಬೂಟಿನ ಮಾತಾಡಿದ ಅದೇ ಮಂಗಳವಾರ. ನೋರಾ ನನ್ನ ಕಡೆ ಮುಖ ತಿರುಗಿಸಿದರು.

ಮೆಟ್ಟಿಲಿಳಿಯುವಾಗ ನಮ್ಮವರು ನಿಂತರು. "ನಿಂಗೆ ಓದಕ್ಕೆ ಬರಲ್ವಾ?" ಎಂದರು. ನಾನು ಸೆರಗಿನ ತುದಿ ತಿರುಚುತ್ತ ನಿಂತೆ. "ಸರಿ, ಅಮ್ಮಂಗೆ ಹೇಳ್ಬೇಡ" ಎಂದು ಮುಂದೆ ಹೋದರು. ಆಮೇಲೆ ಆ ಮಾತು ಎತ್ತಲೇ ಇಲ್ಲ. ಅತ್ತೆ ಕೊನೆಯವರೆಗೂ ಸೊಸೆಯ ಇಂಗ್ಲಿಷನ್ನು ಹೊಗಳುತ್ತಲೇ ಇದ್ದರು, ಆಗೆಲ್ಲ ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಆ ಮಾತು ನನ್ನ ಬಾಯಿಗೆ ಹೇಗೆ ಬಂತು? ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಎಂದಾದರೂ ನೋರಾ ಬಾಯಿಂದಲೇ ಕೇಳಿ ಮರೆತಿದ್ದೆನೇ? ಇರಬಹುದು, ಆದರೆ ಆ ದಿನವೇ ಯಾಕೆ? ನನಗೆ ಬಗೆಹರಿದಿಲ್ಲ. ಬಗೆಹರಿಯದ್ದು ಇರಲಿ, ಆಮೇಲೆ ಮಾಡಿದ್ದಕ್ಕೆ ನನಗೆ ಹೆಚ್ಚು ನಾಚಿಕೆ. ನೋರಾ ಮುಂಚಿನ ಹಾಗೇ ಮೇಲಿನಿಂದ ಕರೆಯುತ್ತಿದ್ದರು. ಕಾಗದ ಬಾರದ ದಿನವೂ ಬಾ, ಸುಮ್ಮನೆ ಏನಾದರೂ ಓದು ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ ಬಿಳಿ ಚುಕ್ಕೆಯ ಕರು, ಅಷ್ಟೆ. ನಾನು ಕೆಲಸವಿದೆ ಎಂದು ಕೂಗಿ ಹೇಳಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಬಾಯಿ ತೆರೆದರೆ ಈ ಸಲ ಯಾರ ಸುದ್ದಿ ಬರುತ್ತದೋ ಎಂದು ಹೆದರಿಕೆ. ಕೊನೆಗೆ ಅವರೂ ಕರೆಯುವುದನ್ನು ಬಿಟ್ಟರು.