ಆದಿತ್ಯವಾರ ಮೂರು ಗಂಟೆಯ ಲಾರಿ

೨೦೧೫ರ ಮೇ ೧೭, ಭಾನುವಾರ, ಮಧ್ಯಾಹ್ನ ಮೂರು ಇಪ್ಪತ್ತು. ಅಣ್ಣ ತಮ್ಮ ಬಲಗೈಯ ಹಿಂಭಾಗವನ್ನು ಲ್ಯಾಪ್‌ಟಾಪಿನ ಅಡಿಗೆ ತಾಗಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ ಮುಖ ಮಾಡಿದರು. ಆ ಕೈಯ ಮೇಲೆ ಒಂದು ರೋಮವೂ ಇರಲಿಲ್ಲ. ಎಡಗೈ ತುಂಬ ಕಪ್ಪು ರೋಮ. ಬಲಗೈ ಮಾತ್ರ ಮಣಿಕಟ್ಟಿನಿಂದ ಬೆರಳ ಬುಡದವರೆಗೆ ತೊಳೆದಿಟ್ಟ ಸ್ಟೀಲ್ ತಟ್ಟೆಯಷ್ಟು ನುಣುಪು. ಹದಿನಾರನೇ ವಯಸ್ಸಿನಿಂದ ದೋಸೆ ಕಾವಲಿಯ ಮೇಲೆ ಆ ಕೈ ಹಿಡಿದು ಕಾವು ನೋಡಿದ್ದರ ಗುರುತು ಅದು.

"ಎಂತದ್ದು ಮಾರಾಯ್ತಿ ಇದು? ನೀರು ಚಿಮುಕಿಸಿದರೆ ಚೊಂಯ್ ಅಂತದೆ."

"ಬಿಸಿ ಆಗಿ ತಾನ ಬಂದ್ ಆಗೇತ್ರಿ ಅಣ್ಣಾರ."

"ಮತ್ತೆ ಅವನು?"

ಪರದೆ ಕಪ್ಪಾಗಿತ್ತು. ಆ ಕಡೆಯ ಪರದೆಯಲ್ಲಿ ಅವರ ಮಗನಿಗೆ ಏನು ಕಂಡಿರುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಠಾಣೆ ಶಹರದ ಕೋಪರಿಯಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಅಣ್ಣನ ಹೋಟೆಲು ಇತ್ತು. ಉಡುಪಿ ಕಡೆಯವರು. ಗಿರಾಕಿಗಳಿಗೆ, ಹಾಲಿನವನಿಗೆ, ಪೊಲೀಸರಿಗೆ, ಎಲ್ಲರಿಗೂ ಅವರು ಅಣ್ಣ. ನಮ್ಮದು ವಿಜಾಪುರದ ಕಡೆಯ ಮನೆತನ, ದಿವಾದಲ್ಲಿ ವಾಸ. ಕಾಲೇಜು ಓದುತ್ತಲೇ ಶನಿವಾರ, ಭಾನುವಾರ ನಾನು ಅಲ್ಲಿ ಬಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ದಿವಾದಲ್ಲಿ ಲೋಕಲ್ ರೈಲು ಹತ್ತಿ ಠಾಣೆಯಲ್ಲಿ ಇಳಿಯುವಷ್ಟರಲ್ಲೇ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು. ಉಳಿದರ್ಧ ಅಣ್ಣನ ಮುಖ ನೋಡಿದರೆ ಮುಗಿಯುತ್ತಿತ್ತು. ಅಷ್ಟು ದಣಿದ ಮುಖ ಅದು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: "ಎಂತ ಮಾಡೋದು, ನಿಂತಿದ್ದೇನೆ." ನಿಜಕ್ಕೂ ನಿಂತೇ ಇರುತ್ತಿದ್ದರು. ಗಲ್ಲಾದ ಹಿಂದೆ ಕುರ್ಚಿ ಇತ್ತು. ಅದರ ಮೇಲೆ ಅವರ ಟವೆಲು ಕೂತಿರುತ್ತಿತ್ತು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಮಾತು ಬಿಸಿಯಾಗುತ್ತಿದ್ದಂತೆ ಅರ್ಧದಲ್ಲೇ ಎದ್ದು ಹೋಗುವುದು. ಮಾಂಸದ ಹೋಟೆಲಿನವರಂತೆ ಕೂಗಾಡುವುದಿಲ್ಲ ಎಂದು ಭಟ್ಟರು ಹೊಗಳುತ್ತಿದ್ದರು. ಭಟ್ಟರು ಎಂದರೆ ಅಡುಗೆಯವರು. ಆದರೆ ಎದುರಿಗಿದ್ದವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಹಿಂದಿನ ವರ್ಷದ ಗಣಪತಿ ಹಬ್ಬದ ಹೊತ್ತಿಗೆ ಮಗ, "ನಾನು ಗಲ್ಲಾದಲ್ಲಿ ಕೂರುವುದಿಲ್ಲ, ನನಗೆ ಬೇರೆ ಕೆಲಸ ಸಿಕ್ಕಿದೆ" ಎಂದಾಗಲೂ ಅಣ್ಣ ಹಾಗೆಯೇ ಎದ್ದು ಅಡುಗೆಮನೆಗೆ ಹೋದರು. ಅವರು ತಿರುಗಿ ಬರುವುದನ್ನು ಮಗ ಒಂದು ಗಂಟೆ ಕಾದ. ಆಮೇಲೆ ಹೋದ. ತುರ್ಭೆಯ ಗೋದಾಮಿನಲ್ಲಿ ಕೆಲಸ, ಘಣಸೋಲಿಯಲ್ಲಿ ಗೆಳೆಯರೊಂದಿಗೆ ರೂಮು. ಆಟಕ್ಕೆಂದೇ ಕೊಂಡಿದ್ದ ದಪ್ಪ ಲ್ಯಾಪ್‌ಟಾಪು ಹೋಟೆಲಿನಲ್ಲೇ ಉಳಿಯಿತು. ತೆಗೆದುಕೊಂಡು ಹೋಗಲು ಅವನು ಬರಲಿಲ್ಲ, ತೆಗೆದುಕೊಂಡು ಹೋಗು ಎಂದು ಇವರು ಹೇಳಲಿಲ್ಲ.

ನಡುವೆ ಇದ್ದವರು ಅಣ್ಣನ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು. ಡಿಸೆಂಬರಿನಲ್ಲಿ ಒಮ್ಮೆ ಡೊಂಬಿವಲಿಯ ಮನೆಯಿಂದ ಫೋನು ಮಾಡಿ ಅವರು ಮಗನ ಮಾತು ತಲುಪಿಸಿದರು. ಲ್ಯಾಪ್‌ಟಾಪಿನಲ್ಲಿ ಲಾರಿ ಓಡಿಸುವ ಆಟವಿದೆ, ಆದಿತ್ಯವಾರ ಮೂರು ಗಂಟೆಗೆ ಪಪ್ಪ ಬೇಕಾದರೆ ಓಡಿಸಲಿ, ಇಂಟರ್ನೆಟ್ಟಿನಲ್ಲಿ, ಗೆಳೆಯನ ಕಂಪ್ಯೂಟರಿನಿಂದ ನಾನೂ ಅದೇ ರಸ್ತೆಯಲ್ಲಿ ಇರುತ್ತೇನೆ. ಅಷ್ಟೇ.

"ಹುಚ್ಚು" ಎಂದರು ಅಣ್ಣ. ಭಾನುವಾರ ಮೂರಕ್ಕೆ ಐದು ನಿಮಿಷ ಇರುವಾಗ, ಊಟದ ಗಲಾಟೆ ಮುಗಿದು ಶಟರ್ ಅರ್ಧ ಎಳೆದ ಮೇಲೆ, ಫ್ಯಾಮಿಲಿ ರೂಮಿನ ಮೇಜನ್ನು ತಾವೇ ಒರೆಸಿ ನನ್ನನ್ನು ಕರೆದರು. "ಇದನ್ನು ಚಾಲೂ ಮಾಡಿಕೊಡು. ಸುಮ್ಮನೆ ನೋಡುವ."

ಅಣ್ಣ ಸ್ಕೂಟರನ್ನೂ ಓಡಿಸಿದವರಲ್ಲ. ಮೊದಲ ವಾರ ಲಾರಿ ಹೊಲಕ್ಕೆ ಇಳಿಯಿತು, ಎರಡನೇ ವಾರ ಸೇತುವೆಯ ಗೋಡೆಗೆ ಒರಗಿ ನಿಂತಿತು. ಮಗನ ನೀಲಿ ಲಾರಿ ಮುಂದೆ ನಿಂತು ಕಾಯುತ್ತಿತ್ತು. ಫೆಬ್ರವರಿ ಹೊತ್ತಿಗೆ ಇವರು ಅದರ ಬೆನ್ನಿಗೆ ಅಂಟಿಕೊಂಡು ಹೋಗಲು ಕಲಿತರು. ಬಟನ್ ಒತ್ತಿದರೆ ಮಾತಾಡಬಹುದಿತ್ತು, ಇಬ್ಬರೂ ಒತ್ತಲಿಲ್ಲ. ಇದ್ದದ್ದು ಹಾರನ್ ಮಾತ್ರ. ಒಂದು ಸಲ ಹೊಡೆದರೆ ಹೊರಟೆ, ಎರಡು ಸಲ ಹೊಡೆದರೆ ನಿಲ್ಲಿಸುತ್ತೇನೆ. ಯಾರೂ ಇಲ್ಲದ ವಿದೇಶಿ ರಸ್ತೆಯಲ್ಲೂ ಅಣ್ಣ ಕೆಂಪು ದೀಪಕ್ಕೆ ನಿಲ್ಲುತ್ತಿದ್ದರು. ಇಡೀ ವಾರದಲ್ಲಿ ಅವರು ಕುರ್ಚಿಯಲ್ಲಿ ಕೂರುತ್ತಿದ್ದದ್ದು ಆ ಒಂದು ಗಂಟೆ.

ಬೇಸಿಗೆ ಬಂದಿತು. ಲ್ಯಾಪ್‌ಟಾಪು ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರಿಹೋಗತೊಡಗಿತು. ಮಗನ ಪರದೆಯಲ್ಲಿ ಆಗುವುದೇನು? ಹಿಂದೆ ಬರುತ್ತಿದ್ದ ಅಪ್ಪನ ಲಾರಿ ಹಾರನ್ನೂ ಹೊಡೆಯದೆ ರಸ್ತೆಯಿಂದ ಮಾಯ. ಮೇ ಹದಿನೇಳರ ಸಂಜೆ ಅಕ್ಕನ ಫೋನು ಬಂತು. ಅಣ್ಣ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಇಲ್ಲಿಯೂ ಅರ್ಧಕ್ಕೆ ಎದ್ದು ಹೋಗ್ತಾರೆ ಅಂತ ಹೇಳಿದ ಅವನು. ಬರುವ ವಾರವೂ ಹಾಗೇ ಆದರೆ ಇನ್ನು ಬರುವುದಿಲ್ಲವಂತೆ."

"ಫೋನ್ ಮಾಡಿ ಹೇಳ್ರಿ ಅಣ್ಣಾರ, ಮಷೀನ್ ಕೆಟ್ಟೈತಿ ಅಂತ" ಎಂದೆ.

"ನಾನು ಯಾಕೆ ಮೊದಲು ಹೇಳಬೇಕು?" ಎಂದರು. ಫೋನನ್ನು ಗಲ್ಲಾದ ಮೇಲೆ ಇಟ್ಟು, "ನೀನು ಸರಿ ಮಾಡು. ಅದು ನಡೆದರೆ ಎಲ್ಲ ನಡೀತದೆ" ಎಂದರು. ಎದ್ದು ಅಡುಗೆಮನೆಗೆ ಹೋದರು.

ಆ ವಾರ ನಾನು ಕಾಲೇಜು ಮುಗಿಸಿ ದಿನವೂ ಕೋಪರಿಗೆ ಹೋದೆ. ಡಿಗ್ರಿ ಲೆಕ್ಕ ತೋರಿಸುವ ಒಂದು ಸಣ್ಣ ಪ್ರೋಗ್ರಾಮು ಹಾಕಿ, ಕಾವು ಬರೆದಿಟ್ಟುಕೊಂಡೆ. ಮೊದಲ ದಿನ ಅಣ್ಣನ ಉಪಾಯ: ಇಡ್ಲಿ ತಟ್ಟೆ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪು. ಗುಳಿಗಳ ತೂತಿನಿಂದ ಗಾಳಿ ಆಡುತ್ತದೆ ಎಂದು. ಸ್ವಲ್ಪ ಇಳಿಯಿತು, ಸಾಲಲಿಲ್ಲ. ತಟ್ಟೆ ಹುಡುಕುತ್ತ ಬಂದ ಭಟ್ಟರು, "ಅಣ್ಣ, ಇದನ್ನು ಬೇಯಿಸಿ ಚಟ್ನಿ ಜೊತೆ ಕೊಡುವುದಾ?" ಎಂದು ಕೇಳಿ ಬೈಸಿಕೊಂಡರು. ಮರುದಿನ ಡೊಂಬಿವಲಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯವನು ತೆರೆದೂ ನೋಡದೆ, ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಎಂದ. ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಸಂಜೆಯ ಲೋಕಲ್ ಗಾಡಿಯಲ್ಲಿ ನಿಂತು ವಾಪಸು ಬಂದೆ. ನನಗೂ ಸಾಕಾಗಿತ್ತು.

ಗುರುವಾರ ನಾನೇ ಬಿಚ್ಚಿದೆ. ಅಂತಹ ಯಂತ್ರ ಬಿಚ್ಚಿದ್ದು ಅದೇ ಮೊದಲು. ಅಡಿಯ ಮುಚ್ಚಳ ಎದ್ದಾಗ ಬಂದ ವಾಸನೆ ಯಂತ್ರದ್ದಲ್ಲ, ಒಗ್ಗರಣೆಯದು. ಫ್ಯಾನಿನ ಮುಂದೆ ಗಾಳಿ ಹೊರಗೆ ಹೋಗುವ ಸಣ್ಣ ಹಲ್ಲುಗಳಿಗೆ ಕಂಬಳಿಯಂತಹ ಒಂದು ಪದರ ಅಂಟಿತ್ತು. ಅಡುಗೆಮನೆಯ ಎಣ್ಣೆ ಹೊಗೆ, ಹಿಟ್ಟಿನ ಧೂಳು. ಆದರೆ ಬಣ್ಣ ಕೆಂಪು.

"ಇದೇನ್ರಿ ಅಣ್ಣಾರ ಕೆಂಪಗ?"

ಅಣ್ಣ ಬಗ್ಗಿ ನೋಡಿದರು. ಬೆರಳಲ್ಲಿ ಸ್ವಲ್ಪ ತೆಗೆದು ಮೂಸಿದರು. "ಕುಂಕುಮ" ಎಂದರು.

ಆಯುಧಪೂಜೆಯ ದಿನ ಹೋಟೆಲಿನಲ್ಲಿ ಗ್ರೈಂಡರು, ತಕ್ಕಡಿ, ಗಲ್ಲಾಪೆಟ್ಟಿಗೆ, ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ ಹೂವು ಇಡುವುದು ಪದ್ಧತಿ. ಮಗ ಹೋದ ಮೇಲೆ ಬಂದ ಆ ಹಬ್ಬದಲ್ಲಿ ಅಣ್ಣ ಅವನ ಲ್ಯಾಪ್‌ಟಾಪನ್ನೂ ಸಾಲಿನಲ್ಲಿ ಇಟ್ಟಿದ್ದರು. ಎಲ್ಲಿ ಹಚ್ಚಬೇಕೆಂದು ತಿಳಿಯದೆ ಯಾರಿಂದಲೋ ಚಾಲೂ ಮಾಡಿಸಿ, ಕೈ ಹಿಡಿದು ನೋಡಿ, ಬಿಸಿ ಉಸಿರು ಬರುವ ಜಾಗ ಸಿಕ್ಕಿದಾಗ, ಜೀವ ಇರುವುದು ಇಲ್ಲೇ ಎಂದು ಗಂಧ ಕಲಸಿ ಅಲ್ಲಿಗೇ ಮೆತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಗಲ್ಲಾಕ್ಕೆ ಊದುಬತ್ತಿ ಬೆಳಗಿದ ಮೇಲೆ ಅದಕ್ಕೂ ಒಂದು ಚಿಟಿಕೆ ಕುಂಕುಮ ಏರಿಸುತ್ತಿದ್ದರು. ಫ್ಯಾನಿನ ಬಾಯಿಗೇ.

"ಅವನ ಸಾಮಾನು, ಚೆನ್ನಾಗಿರಲಿ ಅಂತ ಹಚ್ಚಿದ್ದು" ಎಂದರು. "ನಾನೇ ಉಸಿರು ಕಟ್ಟಿಸಿದ್ದೇನೆ, ನೋಡು."

ನಗು ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಒಳಗಿನ ಚಿಪ್ ಬಿಸಿಯಾಗದಂತೆ ಅದರ ಮೇಲೆ ಹಚ್ಚುವ ಬೂದು ಬಣ್ಣದ ಪೇಸ್ಟು ಹಚ್ಚಲು ಕೂತೆ. ಕಡಲೆಕಾಳಿನಷ್ಟು ಸಾಕು ಎಂದು ಓದಿದ್ದೆ. ಅಣ್ಣ ಒಪ್ಪಲಿಲ್ಲ. "ಜಿಪುಣತನ ಮಾಡಬೇಡ ಮಾರಾಯ್ತಿ. ದೋಸೆಗೆ ಬೆಣ್ಣೆ ಹಾಕುವಾಗ ಕೈ ಹಿಡಿದರೆ ಗಿರಾಕಿ ತಿರುಗಿ ಬರ್ತಾನಾ?" ಅವರ ಮಾತು ಕೇಳಿ ಧಾರಾಳವಾಗಿ ಬಳಿದೆ. ಕಾವು ಮೊದಲಿಗಿಂತ ಮೇಲೇರಿತು. ಮತ್ತೆ ಎಲ್ಲ ಬಿಚ್ಚಿ, ಒರೆಸಿ, ಕಡಲೆಕಾಳಿನಷ್ಟೇ ಹಚ್ಚಿದೆ. ಈ ಸಲ ಕಾವು ಇಳಿಯಿತು.

ಮೇ ೨೪, ಭಾನುವಾರ. ಮೂರಕ್ಕೆ ನೀಲಿ ಲಾರಿ ಒಂದು ಹಾರನ್ ಹೊಡೆದು ಹೊರಟಿತು. ಮೂರು ಇಪ್ಪತ್ತು ಆಯಿತು. ಮೂರೂವರೆ. ಅಣ್ಣನ ಕಣ್ಣು ರಸ್ತೆಯ ಮೇಲೆ, ನನ್ನದು ಡಿಗ್ರಿಯ ಮೇಲೆ. ನಾಲ್ಕಕ್ಕೆ ಸ್ವಲ್ಪ ಮೊದಲು ಮುಂದಿನ ಲಾರಿ ಎರಡು ಹಾರನ್ ಹೊಡೆದು ಪಕ್ಕಕ್ಕೆ ನಿಂತಿತು. ಇವರೂ ನಿಲ್ಲಿಸಿದರು. ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತುಳು ಮಾತೊಂದು ಮೂಡಿತು: "ವಣಸ್ ಆಂಡಾ?" ಊಟ ಆಯಿತಾ ಎಂದು.

ಅಣ್ಣ ಕೀಬೋರ್ಡಿನಿಂದ ಕೈ ತೆಗೆದರು. ಕುರ್ಚಿ ಹಿಂದೆ ಸರಿಯಿತು. ಎದ್ದು ನಿಂತರು. ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಮೇಜಿಗೆ ಎರಡೂ ಕೈ ಊರಿ ನಿಂತೇ ಇದ್ದರು.

"ಬರೆ" ಎಂದರು. "ಆಯಿತು ಅಂತ ಬರೆ. ಆಮೇಲೆ, ಲ್ಯಾಪ್‌ಟಾಪು ಬಿಸಿಯಾಗಿ ಬಂದಾಗ್ತಿತ್ತು, ನಾನು ಎದ್ದು ಹೋದದ್ದಲ್ಲ ಅಂತ ಬರೆ."

ಬರೆದೆ. ಬಹಳ ಹೊತ್ತಿನ ಮೇಲೆ ನೀಲಿ ಲಾರಿ ಒಂದು ಹಾರನ್ ಹೊಡೆಯಿತು. ಅಣ್ಣ ಕೂತು ಅದರ ಹಿಂದೆ ಹೊರಟರು. ಜೂನ್ ಕೊನೆಯಲ್ಲಿ, ಮಳೆಗೆ ಲೋಕಲ್ ಗಾಡಿಗಳು ನಿಂತಿದ್ದ ಒಂದು ದಿನ, ಮಗ ಬಸ್ಸು ಹಿಡಿದು ಹೋಟೆಲಿಗೆ ಬಂದ. ಗಲ್ಲಾದಲ್ಲಿ ಕೂರಲಿಲ್ಲ, ಕೂರು ಎಂದು ಇವರೂ ಹೇಳಲಿಲ್ಲ. ತಿಂಡಿ ತಿಂದು ಹೋದ. ಆಮೇಲೆ ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದ.

ನಾನು ಈಗ ವಾಶಿಯಲ್ಲಿ ಇದೇ ರಿಪೇರಿ ಕೆಲಸದಲ್ಲಿದ್ದೇನೆ. ನನಗೆ ಮೊದಲ ಯಂತ್ರವನ್ನು ಬಿಚ್ಚಲು ಕೊಟ್ಟವರು ಅಣ್ಣ, ಅದೂ ಕಳೆದುಕೊಳ್ಳಲಾಗದಂಥದ್ದನ್ನು.

೨೦೧೮ರ ಆಗಸ್ಟಿನಲ್ಲಿ, ಬೆಳಿಗ್ಗೆ ಹೋಟೆಲಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಅವರ ಎದೆಬಡಿತ ನಿಂತಿತು. ಉತ್ತರಕ್ರಿಯೆಯ ದಿನ ಊಟದ ಪಂಕ್ತಿ ಮುಗಿದ ಮೇಲೆ ಮಗ ನನ್ನ ಪಕ್ಕದ ಕುರ್ಚಿಗೆ ಬಂದು ಕೂತ. ಇಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಅರ್ಧ ಹಿಂದಿ.

"ಸಚ್ ಹೇಳ್ತೇನೆ, ಆ ಲ್ಯಾಪ್‌ಟಾಪು ಗರಮ್ ಆಗುವ ಕಥೆ ನಾನು ನಂಬಲೇ ಇಲ್ಲ. ಬಹಾನಾ, ಸುಮ್ಮನೆ ನೆಪ ಅಂತ ಗೊತ್ತಿತ್ತು. ಬಟ್ ಪಪ್ಪ ಲೈಫಲ್ಲಿ ಯಾರಿಗೂ ಒಂದು ಬಹಾನಾ ಕೊಟ್ಟವರಲ್ಲ, ಸೀದಾ ಎದ್ದು ಹೋಗುವುದು. ನನಗೋಸ್ಕರ ಕೂತು ಒಂದು ಸುಳ್ಳು ಹುಡುಕಿದರಲ್ಲ ಅಂತ ನಾನು ಬಂದದ್ದು."

ಅದು ಖರೇನೇ ಇತ್ತು ಎನ್ನಲು ಬಾಯಿ ತೆರೆದೆ. ಅವನ ಮುಖ ನೋಡಿ, "ಹೌದ್ರಿ" ಎಂದಷ್ಟೇ ಹೇಳಿದೆ.

ಅಣ್ಣನನ್ನು ನಾನು ಬಲ್ಲದ್ದು ಕೊನೆಯ ಕೆಲವು ವರ್ಷ ಮಾತ್ರ. ಅದಕ್ಕೂ ಮೊದಲು ಅವರು ಕಲ್ಯಾಣದಲ್ಲಿ, ವಿಠ್ಠಲವಾಡಿಯಲ್ಲಿ ಬೇರೆಯವರ ಹೋಟೆಲುಗಳಲ್ಲಿ ಇದ್ದರಂತೆ. ಆಗ ಅವರ ಜೊತೆ ಕೆಲಸ ಮಾಡಿದವರು, ಒಂದೇ ಕೋಣೆಯಲ್ಲಿ ಮಲಗಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಮಾತಿನ ಅರ್ಧದಲ್ಲಿ ಎದ್ದು ಹೋಗುವುದನ್ನು ಅವರು ಯಾವಾಗ, ಯಾರ ಎದುರು ಕಲಿತರು ಎಂಬುದು ಅಕ್ಕನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ.