ತಟ್ಟಿ ನೋಡಿ ಕೊಂಡ ಜಗ್

ನಾನು ಅಮೆರಿಕದ ರಾಲಿ ಊರಿಗೆ ಹೋದ ಹೊಸತು, ತೊಂಬತ್ತೈದೋ ತೊಂಬತ್ತಾರೋ. ಅಲ್ಲೊಂದು ಕ್ರಾಫ್ಟ್ ಫೇರ್‌ನಲ್ಲಿ ವಯಸ್ಸಾದ ಆಫ್ರಿಕನ್ ಅಮೆರಿಕನ್ ಹೆಂಗಸೊಬ್ಬರು ತಾವೇ ಮಾಡಿದ ಪಿಂಗಾಣಿ ಜಗ್‌ಗಳನ್ನು ಮಾರುತ್ತಿದ್ದರು. ಜಗ್ಗಿನ ಹೊಟ್ಟೆಯ ಸುತ್ತ ಆಫ್ರಿಕಾದ ಗಡಿಗೆಗಳ ಹಾಗೆ ಗೀರಿದ ಅಂಕುಡೊಂಕು ಗೆರೆ, ಕತ್ತಿನಲ್ಲಿ ಇಂಗ್ಲಿಷ್ ಟೀ ಸೆಟ್ಟಿನಂಥ ನೀಲಿ ಗುಲಾಬಿ ಹೂ.

“ಗೆರೆ ನಮ್ಮಜ್ಜಿಯ ಕಡೆಯದು. ಗುಲಾಬಿ ಹೂ, ಅಜ್ಜಿ ಪಾತ್ರೆ ತೊಳೀತಿದ್ದ ಬಿಳಿಯರ ಮನೆಯದು,” ಎಂದರು.

ನಾನು ಒಂದು ಜಗ್ಗನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಅವರ ಹುಬ್ಬು ಮೇಲೇರಿತು.

“ನಮ್ಮ ಕಡೆ ಮಡಕೆ ತಟ್ಟಿ ನೋಡದೆ ಕೊಳ್ಳಲ್ಲ. ಬಿರುಕಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತೆ,” ಎಂದೆ.

“ಸರಿ. ಇದರಲ್ಲಿ ಏನು ಹಾಕ್ತೀರಿ?”

“ಏನೂ ಹಾಕಲ್ಲ. ಷೋಕೇಸಿನಲ್ಲಿ ಇಡ್ತೀನಿ,” ಎಂದೆ, ಹೊಗಳುತ್ತಿದ್ದೇನೆ ಅಂದುಕೊಂಡು.

ಅವರು ನನ್ನ ಕೈಯಿಂದ ಜಗ್ಗನ್ನು ವಾಪಸ್ ತೆಗೆದುಕೊಂಡರು. “ನಾನೂ ಗಿರಾಕಿಯನ್ನು ತಟ್ಟಿ ನೋಡದೆ ಮಾರಲ್ಲ. ಬಿರುಕು ನಿಮ್ಮಲ್ಲಿದೆ.”

ಸುತ್ತ ನಿಂತವರೆಲ್ಲ ನಕ್ಕರು. ದಿನಾ ಮಜ್ಜಿಗೆ ಹಾಕ್ತೀನಿ ಅಂತ ಆಣೆ ಮಾಡಿದ ಮೇಲೇ ಅವರು ಜಗ್ ಕೊಟ್ಟಿದ್ದು.

ಅದು ಈಗಲೂ ನಮ್ಮ ಷೋಕೇಸಿನಲ್ಲೇ ಇದೆ. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ದಿನಾ ಬೆಳಿಗ್ಗೆ ಮಜ್ಜಿಗೆ ತುಂಬಿಯೇ ಇಡ್ತೀನಿ.