ಇಟಲಿಗಷ್ಟೇ ಹೇಳಿದ ಸಲಹೆ

೨೦೨೦ರ ಜನವರಿಯಲ್ಲಿ ನಾನು ಮಲೇಷ್ಯಾದಲ್ಲಿ, ಕ್ಲಾಂಗ್ ಬಂದರಿನಿಂದ ಮುಕ್ಕಾಲು ಗಂಟೆ ದಾರಿಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದೆ. ಉಡುಪಿಯಿಂದ ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ವಾರದಲ್ಲಿ ಮೂರು ದಿನ ಪಾಠ, ಉಳಿದ ದಿನ ಹೊರರೋಗಿಗಳು. ಅಲ್ಲಿ ನೋಡಿದ ರೋಗಿಗಳಲ್ಲಿ ಒಬ್ಬರ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಅದನ್ನು ಬರೆಯಲು ಇಷ್ಟು ಕಾಲ ಹಿಡಿಯಿತು. ಹೆಸರುಗಳನ್ನು ಬದಲಾಯಿಸಿದ್ದೇನೆ, ಉಳಿದದ್ದು ನಡೆದಂತೆಯೇ ಇದೆ.

ನನ್ನ ವಿಶೇಷ ಕ್ಷೇತ್ರ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ನಿಧಾನವಾಗಿ ಹಾಳಾಗುವ ಕಾಯಿಲೆ ಇದು. ನೋವಿರುವುದಿಲ್ಲ. ಎದುರಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ, ಅಕ್ಕಪಕ್ಕದ್ದು ಮೊದಲು ಹೋಗುತ್ತದೆ. ಹೋದ ಜಾಗ ಕಪ್ಪಾಗಿಯೂ ಕಾಣುವುದಿಲ್ಲ. ಮಿದುಳು ಆ ಜಾಗವನ್ನು ಸುತ್ತಲಿನ ಗೋಡೆ, ರಸ್ತೆ, ಆಕಾಶದಿಂದ ತುಂಬಿಬಿಡುತ್ತದೆ. ಹಾಗಾಗಿ ರೋಗಿಗೆ ತನಗೆ ಏನು ಕಾಣುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ಅದನ್ನು ಕಂಡುಹಿಡಿಯಲು ಫೀಲ್ಡ್ ಟೆಸ್ಟ್ ಎಂಬ ಪರೀಕ್ಷೆ ಮಾಡುತ್ತೇವೆ. ರೋಗಿ ಯಂತ್ರದೊಳಗೆ ಮುಖವಿಟ್ಟು ನಡುವಿನ ಬೆಳಕನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಸಣ್ಣ ಚುಕ್ಕಿ ಮಿನುಗಿದರೆ ಬಟನ್ ಒತ್ತಬೇಕು. ಒತ್ತದೆ ಬಿಟ್ಟ ಜಾಗಗಳು ನಕ್ಷೆಯಲ್ಲಿ ಕಪ್ಪಾಗಿ ಬರುತ್ತವೆ.

ವಾಲ್ಟರ್ ಮಂಗಳೂರಿನವರು, ಅರವತ್ತೆರಡು ವರ್ಷ. ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಗ್ಲಾಕೋಮಾ ಇದೆಯೆಂದು ಎರಡು ವರ್ಷದ ಹಿಂದೆ ನಾನೇ ಹೇಳಿ ಡ್ರಾಪ್ಸ್ ಬರೆದುಕೊಟ್ಟಿದ್ದೆ. ನೆನಪಾದಾಗ ಹಾಕುತ್ತಿದ್ದರು. ಆ ದಿನ ಬಂದದ್ದೂ ಕಾಯಿಲೆ ತೋರಿಸಲಿಕ್ಕಲ್ಲ, ಹೊಸ ಕನ್ನಡಕಕ್ಕೆ. ಜೊತೆಯಲ್ಲಿ ಹೆಂಡತಿ ಐರಿನ್ ಇದ್ದರು. ಇಬ್ಬರೂ ನನ್ನ ಕೋಣೆಗೆ ಬಂದರೆ ಊರಿನ ಮನೆಯವರು ಬಂದ ಹಾಗಾಗುತ್ತಿತ್ತು.

ಫೀಲ್ಡ್ ಟೆಸ್ಟ್ ಮುಗಿಸಿ ಬಂದು ಕೂತ ವಾಲ್ಟರ್, "ಡಾಕ್ಟ್ರೇ, ನಮ್ಮದೊಂದು ಪಂಚಾಯ್ತಿ ಉಂಟು. ನೀವೇ ತೀರ್ಮಾನ ಮಾಡ್ಬೇಕು" ಎಂದರು.

ಏಪ್ರಿಲ್‌ನಲ್ಲಿ ಅವರಿಬ್ಬರ ಇಟಲಿ ಪ್ರವಾಸ. ಹದಿನಾರು ದಿನ. ರೋಮ್, ಅಸ್ಸಿಸಿ, ಫ್ಲಾರೆನ್ಸ್, ಆಮೇಲೆ ಸಿಯೆನಾದ ಸುತ್ತಲಿನ ಗುಡ್ಡದ ಊರುಗಳು. ವಿಮಾನದ ಟಿಕೆಟ್ ಆಗಿತ್ತು. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದೋ, ರೈಲಿನಲ್ಲಿ ಓಡಾಡುವುದೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ.

"ಕಾರು ಇದ್ರೆ ಬೇಕಾದಲ್ಲಿ ನಿಲ್ಲಿಸ್ಬಹುದು. ರೈಲು ಅಂದ್ರೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ಬ್ಯಾಗ್ ಎಳೀತಾ ಓಡುದು. ಆ ಸಣ್ಣ ಸಣ್ಣ ಊರಿಗೆಲ್ಲ ರೈಲೇ ಹೋಗುದಿಲ್ಲ ಮಾರಾಯ್ರೆ" ಎಂದರು ವಾಲ್ಟರ್.

ಐರಿನ್ ಬಿಡಲಿಲ್ಲ. "ಅಲ್ಲಿ ರಸ್ತೆಯ ಬಲಗಡೆ ಓಡಿಸ್ಬೇಕು ಡಾಕ್ಟ್ರೇ. ಊರೊಳಗೆ ಕಾರು ಹಾಕಿದ್ರೆ ಕ್ಯಾಮರಾ ಹಿಡಿದು ದಂಡ ಅಂತೆ. ಇಲ್ಲಿಯೇ ಎಡಗಡೆ ಬೈಕ್ ಬಂತು, ಎಡಗಡೆ ಬೈಕ್ ಬಂತು ಅಂತ ನಾನು ಹೇಳ್ತಾ ಇರ್ಬೇಕು ಇವರಿಗೆ. ಅಲ್ಲಿಗೆ ಹೋಗಿ ನಾನು ಊರು ನೋಡುದಾ, ಬೈಕ್ ನೋಡುದಾ?"

ಮೂವರೂ ನಕ್ಕೆವು.

ನಗುವಾಗ ನನ್ನ ಮುಂದಿನ ಪರದೆಯ ಮೇಲೆ ವಾಲ್ಟರ್ ಅವರ ನಕ್ಷೆ ಇತ್ತು. ಎದುರಿನ ದೃಷ್ಟಿ ಸಿಕ್ಸ್ ಬೈ ಸಿಕ್ಸ್, ಅಂದರೆ ಏನೂ ಕೊರತೆಯಿಲ್ಲ. ಆದರೆ ಎರಡೂ ಕಣ್ಣುಗಳ ನಕ್ಷೆಯನ್ನು ಸೇರಿಸಿ ನೋಡಿದರೆ ನಡುವಿನಿಂದ ಬಲಕ್ಕೆ ಅರವತ್ತು ಡಿಗ್ರಿ, ಎಡಕ್ಕೆ ಬರೀ ಇಪ್ಪತ್ತೈದು ಡಿಗ್ರಿ. ಅದರಾಚೆ ಪೂರ್ತಿ ಕಪ್ಪು. ವಾಹನ ಓಡಿಸುವವರಿಗೆ ಎರಡೂ ಬದಿ ಸೇರಿ ನೂರಿಪ್ಪತ್ತು ಡಿಗ್ರಿಯಾದರೂ ಬೇಕೆಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ಐರಿನ್ ತಮಾಷೆಗೆ ಹೇಳಿದ್ದು ರೋಗಲಕ್ಷಣ. ಅದು ನನಗೆ ಅಲ್ಲಿಯೇ ಹೊಳೆಯಿತು.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ನೀವು ಇನ್ನು ಎಲ್ಲಿಯೂ ಕಾರು ಓಡಿಸಬಾರದು. ಅವರಿದ್ದ ಊರಿನಲ್ಲಿ ಕಾರಿಲ್ಲದೆ ಮಾರುಕಟ್ಟೆಗೂ ಚರ್ಚಿಗೂ ಹೋಗುವುದು ಕಷ್ಟ. ಮೂವತ್ತು ವರ್ಷ ಒಂದು ಅಪಘಾತವೂ ಇಲ್ಲದೆ ಓಡಿಸಿದೆ ಎನ್ನುವುದು ವಾಲ್ಟರ್ ಅವರ ದೊಡ್ಡ ಹೆಮ್ಮೆ. ಹೇಳಿದರೆ ಕನಿಷ್ಠ ಅರ್ಧ ಗಂಟೆ ಕೂತು ಸಮಾಧಾನ ಮಾಡಬೇಕು. ಹೊರಗೆ ಹತ್ತೊಂಬತ್ತು ರೋಗಿಗಳಿದ್ದರು, ಎರಡು ಗಂಟೆಗೆ ನನಗೆ ತರಗತಿ ಇತ್ತು. ಇವೆಲ್ಲ ನಿಜ. ಆದರೆ ಇದಕ್ಕಿಂತ ನಿಜವಾದದ್ದೆಂದರೆ, ಅಷ್ಟು ಸಂತೋಷದಲ್ಲಿದ್ದ ಮನುಷ್ಯನ ಮುಖ ಬಾಡುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಅವರೇ ಒಂದು ಸುಲಭದ ಪ್ರಶ್ನೆ ತಂದಿದ್ದರು. ನಾನು ಅದರ ಹಿಂದೆ ಅಡಗಿಕೊಂಡೆ.

"ರೈಲಲ್ಲೇ ಹೋಗಿ. ಗೊತ್ತಿಲ್ಲದ ರಸ್ತೆಯಲ್ಲಿ ನಿಮ್ಮ ಕಣ್ಣಿಗೆ ಸುಮ್ಮನೆ ಸ್ಟ್ರೇನ್ ಯಾಕೆ? ಕಾಯಿಲೆ ಸ್ವಲ್ಪ ಜಾಸ್ತಿಯಾಗಿದೆ, ಡ್ರಾಪ್ಸ್ ಬದಲಾಯಿಸ್ತೇನೆ" ಎಂದೆ.

ಐರಿನ್ ಚಪ್ಪಾಳೆ ತಟ್ಟಿದರು. ವಾಲ್ಟರ್ ಎರಡೂ ಕೈ ಮೇಲೆತ್ತಿ, "ಆಯ್ತು, ಇಟಲಿಯಲ್ಲಿ ಬೇಡ ಅಂತೀರಿ. ಸೋತೆ" ಎಂದರು.

ಇಟಲಿಯಲ್ಲಿ ಬೇಡ. ಆ ಮಾತು ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ನಾನು ತಿದ್ದಲಿಲ್ಲ. ಮೂರು ತಿಂಗಳ ನಂತರ ಹೇಗೂ ಬರುತ್ತಾರೆ, ಪ್ರವಾಸ ಮುಗಿದಿರುತ್ತದೆ, ಆಗ ನಿಧಾನವಾಗಿ ಕೂರಿಸಿ ಹೇಳೋಣ ಎಂದುಕೊಂಡೆ. ಅವರ ಕಡತದಲ್ಲಿ, "ವಾಹನ ಚಾಲನೆಯ ಬಗ್ಗೆ ಸಲಹೆ ನೀಡಲಾಗಿದೆ" ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಮುಂದಿನ ರೋಗಿಯನ್ನು ಕರೆದೆ.

ಮಾರ್ಚ್ ಹದಿನೆಂಟಕ್ಕೆ ಕೊರೊನಾದಿಂದಾಗಿ ಮಲೇಷ್ಯಾದಲ್ಲಿ ಸಂಚಾರ ನಿರ್ಬಂಧ ಜಾರಿಗೆ ಬಂತು. ಇಟಲಿಯಿಂದ ಬರುತ್ತಿದ್ದ ಸುದ್ದಿಗಳ ನಡುವೆ ಪ್ರವಾಸದ ಮಾತೇ ಇರಲಿಲ್ಲ. ನಮ್ಮ ವಿಭಾಗದಲ್ಲಿ ತುರ್ತು ರೋಗಿಗಳನ್ನು ಮಾತ್ರ ನೋಡಬೇಕೆಂದಾಯಿತು. ಯಾರ ಭೇಟಿಯನ್ನು ಮುಂದೂಡಬಹುದು ಎಂಬ ಪಟ್ಟಿಗೆ ನಾನೇ ಗುರುತು ಹಾಕಿದೆ. ವಾಲ್ಟರ್ ಅವರ ಹೆಸರಿನ ಮುಂದೆ "ಮುಂದೂಡಬಹುದು" ಎಂದು ಬರೆದೆ. ಕಣ್ಣಿನ ಒತ್ತಡದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ.

ತಿಂಗಳ ಕೊನೆಯಲ್ಲಿ ಅವರೇ ಫೋನ್ ಮಾಡಿದರು, ಡ್ರಾಪ್ಸ್ ಎಲ್ಲಿ ಸಿಗುತ್ತದೆ ಎಂದು ಕೇಳಲು. "ಈಗ ಕಾರೂ ಇಲ್ಲ, ರೈಲೂ ಇಲ್ಲ ಡಾಕ್ಟ್ರೇ. ನಮ್ಮ ಪಂಚಾಯ್ತಿಯೇ ಮುಗೀತು" ಎಂದು ನಕ್ಕರು. ಮನೆಗೊಬ್ಬರೇ ಹೊರಗೆ ಹೋಗಬಹುದು ಎಂಬ ನಿಯಮದಿಂದ ದಿನಸಿ ತರಲು ಈಗ ತಾನೊಬ್ಬನೇ ಹೋಗುತ್ತಿದ್ದೇನೆ, ಐರಿನ್‌ಗೆ ಮನೆಯಲ್ಲಿ ಕೂತು ಸಾಕಾಗಿದೆ ಎಂದೂ ಹೇಳಿದರು. ಆಗಲಾದರೂ ಹೇಳಬಹುದಿತ್ತು. ಮುಖಗವಸು, ಕೈಗವಸು, ನಮ್ಮ ವಿಭಾಗದ ಇಬ್ಬರು ನರ್ಸ್‌ಗಳಿಗೆ ಜ್ವರ, ನನ್ನ ತಲೆಯಲ್ಲಿ ಆಗ ಇದ್ದದ್ದು ಅದೇ. ಔಷಧಿ ಅಂಗಡಿಯ ನಂಬರ್ ಕೊಟ್ಟು ಫೋನ್ ಇಟ್ಟೆ.

ಏಪ್ರಿಲ್ ಮೂರನೆಯ ವಾರದ ಒಂದು ಬೆಳಿಗ್ಗೆ, ಒಂಬತ್ತರ ಸುಮಾರಿಗೆ, ವಾಲ್ಟರ್ ಸೂಪರ್‌ಮಾರ್ಕೆಟ್‌ಗೆ ತಿರುಗಲು ಎಡಕ್ಕೆ ಸ್ಟಿಯರಿಂಗ್ ಎಳೆದರು. ರಸ್ತೆ ಖಾಲಿ, ಬಿಸಿಲು ಚೆನ್ನಾಗಿತ್ತು. ಅವರ ಎಡಬದಿಯಲ್ಲಿ ನೇರವಾಗಿ ಹೋಗುತ್ತಿದ್ದ ಬೈಕ್ ಕಾರಿಗೆ ಬಡಿದು ಬಿತ್ತು. ಅದನ್ನು ಓಡಿಸುತ್ತಿದ್ದವರು ಸೆಲ್ವಂ, ನಲವತ್ತೆಂಟು ವರ್ಷ, ಹತ್ತಿರದ ಅಪಾರ್ಟ್‌ಮೆಂಟ್ ಒಂದರ ಕಾವಲುಗಾರ. ಕೆಲಸಕ್ಕೆ ಹೊರಟಿದ್ದರು. ಎಡಗಾಲಿನ ತೊಡೆಯ ಮೂಳೆ ಮುರಿದು ಮೊಣಕಾಲು ಪುಡಿಯಾಗಿತ್ತು. ಎಡಗಡೆ ಬೈಕ್ ಬಂತು ಎಂದು ಹೇಳಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಈ ಸುದ್ದಿ ನನಗೆ ತಿಳಿದದ್ದು ಜೂನ್‌ನಲ್ಲಿ, ಪೊಲೀಸರ ಪತ್ರದ ಮೂಲಕ. ಚಾಲಕನಿಗೆ ಕಣ್ಣಿನ ಕಾಯಿಲೆ ಇರುವುದು ಗೊತ್ತಾಗಿ ವೈದ್ಯಕೀಯ ವರದಿ ಕೇಳಿದ್ದರು. ಕಡತ ತೆರೆದೆ. ನನ್ನ ಸಾಲು ಅಲ್ಲಿಯೇ ಇತ್ತು. ವಾಹನ ಚಾಲನೆಯ ಬಗ್ಗೆ ಸಲಹೆ ನೀಡಲಾಗಿದೆ. ಓದುವ ಯಾರಿಗೂ ಒಂದೇ ಅರ್ಥ: ಡಾಕ್ಟರ್ ಬೇಡ ಅಂದಿದ್ದರು, ಮನುಷ್ಯ ಕೇಳಲಿಲ್ಲ. ಆ ಸಾಲಿನಲ್ಲಿ ಸುಳ್ಳಿರಲಿಲ್ಲ. ನಾನು ವರದಿಯನ್ನು ಇದ್ದ ಹಾಗೆಯೇ ಟೈಪ್ ಮಾಡಿಸಿ, ಸಹಿ ಹಾಕಿ ಕಳಿಸಿದೆ. ಕಳಿಸಿದ ಮೇಲೆ ಹಗುರವೆನಿಸಿತು. ಇದನ್ನೂ ಬರೆಯಲೇಬೇಕು, ಏಕೆಂದರೆ ಇಂದಿಗೂ ನನ್ನನ್ನು ಹೆಚ್ಚು ಕಾಡುವುದು ಆ ಹಗುರವೇ.

ಹತ್ತು ದಿನದ ನಂತರ ಐರಿನ್ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಡಾಕ್ಟ್ರೇ, ಓಡಿಸ್ಬೇಡಿ ಅಂತ ನೀವು ಹೇಳಿದ್ರಿ ಅಂತ ಪೊಲೀಸರು ಹೇಳ್ತಾರೆ. ವಾಲ್ಟರ್ ಅಂತೂ 'ಆಯ್ತು, ಡಾಕ್ಟ್ರು ಹೇಳಿರ್ಬಹುದು, ನಾನೇ ಮರೆತೆನೋ ಏನೋ' ಅಂತ ಒಪ್ಪಿಕೊಂಡು ಕೂತಿದ್ದಾರೆ. ಆದ್ರೆ ಆ ದಿನ ನಾನೂ ಅಲ್ಲಿದ್ದೆ ಅಲ್ವಾ? ನನಗೆ ಯಾಕೆ ಕೇಳಿಸ್ಲಿಲ್ಲ?"

"ನಿಮಗೆ ಸರಿಯಾಗಿಯೇ ಕೇಳಿಸಿದೆ ಐರಿನ್. ನಾನು ಇಟಲಿಯ ವಿಷಯ ಮಾತ್ರ ಹೇಳಿದ್ದು. ಇಲ್ಲಿ ಓಡಿಸ್ಬಾರ್ದು ಅಂತ ಹೇಳ್ಲಿಲ್ಲ. ಹೇಳ್ಬೇಕಿತ್ತು" ಎಂದೆ.

ಅವರು ಕೇಳಿದ್ದು ಇಷ್ಟೇ: "ಇದನ್ನು ಪೊಲೀಸರಿಗೂ ಬರೆದು ಕೊಡ್ತೀರಾ?"

ಮರುದಿನ ಬರೆದೆ. ಜನವರಿಯಲ್ಲಿ ನಾನು ಕೊಟ್ಟ ಸಲಹೆ ವಿದೇಶ ಪ್ರವಾಸಕ್ಕೆ ಸೀಮಿತವಾಗಿತ್ತು, ಇವರ ದೃಷ್ಟಿ ಎಲ್ಲಿಯೂ ವಾಹನ ಓಡಿಸಲು ಯೋಗ್ಯವಲ್ಲವೆಂದು ನನಗೆ ಆ ದಿನವೇ ತಿಳಿದಿತ್ತು, ಅದನ್ನು ರೋಗಿಗೆ ತಿಳಿಸಲಿಲ್ಲ ಎಂದು. ಪತ್ರ ಕಳಿಸುವ ಮೊದಲು ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಮಲೇಷ್ಯಾದ ಇಂಗ್ಲಿಷ್ ಧಾಟಿಯಲ್ಲಿ, "ಆರ್ ಯು ಶ್ಯೂರ್ ಲಾ? ಯಾರೂ ಕೇಳಿಲ್ಲವಲ್ಲ" ಎಂದರು. ಕೇಳಿದ್ದಾರೆ ಎಂದೆ. ಕಾಲೇಜಿನ ವಿಚಾರಣಾ ಸಮಿತಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟಿತು. ವಾಲ್ಟರ್ ಅವರ ಲೈಸೆನ್ಸ್ ಹೋಯಿತು. ತಿಳಿದೂ ಓಡಿಸಿದರು ಎಂಬ ಆರೋಪವನ್ನು ಕೈಬಿಟ್ಟದ್ದರಿಂದ ಜೈಲು ತಪ್ಪಿತು.

೨೦೨೨ರಲ್ಲಿ ಗಡಿ ತೆರೆಯಿತು. ಹಳೆಯ ಟಿಕೆಟ್‌ಗಳ ಬದಲಿಗೆ ಹೊಸ ದಿನ ಆರಿಸಿಕೊಳ್ಳಿ ಎಂದು ಟ್ರಾವೆಲ್ ಏಜೆಂಟ್ ಸಂದೇಶ ಕಳಿಸಿದ್ದನಂತೆ. "ಒಬ್ಬರ ಕಾಲು ಮುರಿದು ನಾನು ಎಲ್ಲಿಗೆ ಹೋಗುದು?" ಎಂದರಂತೆ ವಾಲ್ಟರ್. ಐರಿನ್ ಮತ್ತೆ ಕೇಳಲಿಲ್ಲ. ಆದರೆ ಅವರು ಪ್ರತಿ ಭಾನುವಾರ ಚರ್ಚಿನಿಂದ ನೇರವಾಗಿ ಸೆಲ್ವಂ ಮನೆಗೆ ಊಟ ಕೊಂಡೊಯ್ಯುತ್ತಿದ್ದರು. ಎರಡು ವರ್ಷ, ನಿರ್ಬಂಧವಿದ್ದ ವಾರಗಳನ್ನು ಬಿಟ್ಟರೆ ಒಂದು ವಾರವೂ ತಪ್ಪದೆ. "ಡಬ್ಬ ತಕೊಳ್ತಾರೆ, ನನ್ನ ಹತ್ರ ಚೆನ್ನಾಗಿ ಮಾತಾಡ್ತಾರೆ. ವಾಲ್ಟರ್ ಹೆಸರು ಎತ್ತಿದ್ರೆ ಮಾತ್ರ ಮುಖ ತಿರುಗಿಸ್ತಾರೆ" ಎಂದು ಒಮ್ಮೆ ನನಗೆ ಹೇಳಿದರು. ಆ ವಾರ ನಾನೂ ಬರುತ್ತೇನೆ ಎಂದೆ.

ಫ್ಲಾಟಿನ ನಾಲ್ಕನೆಯ ಮಹಡಿ. ಲಿಫ್ಟ್ ಕೆಟ್ಟಿತ್ತು. ಹತ್ತುವಾಗ ಪ್ರತಿ ಮೆಟ್ಟಿಲಿಗೂ ಆ ಮನುಷ್ಯನ ಮೊಣಕಾಲು ನೆನಪಾಯಿತು. ಸೆಲ್ವಂ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಕಾವಲು ಕೆಲಸ ಹೋಗಿ ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ನನ್ನ ಹರಕು ತಮಿಳಿನಲ್ಲಿ ನಾನು ಯಾರೆಂದು ಹೇಳಿದೆ.

"ಅವರಿಗೆ ಆ ಕಡೆ ಕಾಣುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ ಡಾಕ್ಟರಮ್ಮಾ?" ಎಂದು ಕೇಳಿದರು.

"ಗೊತ್ತಿತ್ತು."

"ಅವರಿಗೆ?"

"ಇಲ್ಲ. ನಾನು ಹೇಳಿರಲಿಲ್ಲ."

ಒಳಗೆ ಅವರ ಹೆಂಡತಿ ಕಾಫಿ ಬೆರೆಸುತ್ತಿದ್ದ ಸದ್ದು ನಿಂತಿತು. ಸೆಲ್ವಂ ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಪಕ್ಕಕ್ಕೆ ಇಟ್ಟುಕೊಂಡರು. "ಎರಡು ವರ್ಷದಿಂದ ನಾನು ಆ ಮನುಷ್ಯನಿಗೆ ಶಾಪ ಹಾಕ್ತಾ ಇದ್ದೇನೆ" ಎಂದರು. ಆಮೇಲೆ ಐರಿನ್ ಕಡೆ ತಿರುಗಿ, "ಅಕ್ಕಾ, ಮುಂದಿನ ವಾರ ಅವರನ್ನೂ ಕರ್ಕೊಂಡು ಬನ್ನಿ" ಎಂದರು.

ನನಗೆ ಅವರು ಮತ್ತೇನೂ ಹೇಳಲಿಲ್ಲ. ಕಾಫಿ ಬಂತು, ಕುಡಿದೆ. ಹೊರಡುವಾಗ ಕೈ ಮುಗಿದೆ. ಅವರು ನನ್ನ ಕಡೆ ನೋಡಲಿಲ್ಲ. ಕ್ಷಮೆ ಕೇಳಲು ಹೋಗಿದ್ದೆ, ಕೇಳದೆಯೇ ಇಳಿದು ಬಂದೆ. ಅದನ್ನು ಅವರು ಕೊಡಬೇಕಾಗಿಯೂ ಇರಲಿಲ್ಲ.

ಆಮೇಲೆ ಮೂರು ವರ್ಷ ಕೆಲಸ ಮಾಡಿ ನಿವೃತ್ತಳಾಗಿ ಉಡುಪಿಗೆ ಬಂದೆ. ಈಗ ವಾರಕ್ಕೆರಡು ದಿನ ಒಂದು ಕ್ಲಿನಿಕ್‌ನಲ್ಲಿ ಕೂರುತ್ತೇನೆ. ರೋಗಿಗಳು ತಮಗೆ ತಾಳಿಕೊಳ್ಳಲು ಆಗುವಷ್ಟು ಸಣ್ಣ ಪ್ರಶ್ನೆಯನ್ನೇ ನಮ್ಮ ಬಳಿ ತರುತ್ತಾರೆ. ಅದಕ್ಕಷ್ಟೇ ಉತ್ತರ ಕೊಟ್ಟು ಕಳಿಸುವುದು ಬಹಳ ಸುಲಭ, ನೋಡುವವರಿಗೆ ಅದು ದಯೆಯಂತೆಯೇ ಕಾಣುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು, ಅವರು ಕೇಳಲು ಹೆದರಿದ್ದನ್ನು ಮೊದಲು ಹೇಳಬೇಕು ಎಂದು. ನೀವು ಇನ್ನು ಗಾಡಿ ಓಡಿಸಬಾರದು, ಎಲ್ಲಿಯೂ, ಅಂಗಡಿಯವರೆಗೂ ಬೇಡ ಎನ್ನುತ್ತೇನೆ. ನಾನು ಹೇಳಿದ್ದೇನು, ನೀವೇ ಒಮ್ಮೆ ಹೇಳಿ ಎಂದು ಕಾಯುತ್ತೇನೆ. ಕೆಲವರು ಅಳುತ್ತಾರೆ. ಕೆಲವರು ಈ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದು ಸಿಟ್ಟಿನಲ್ಲಿ ಎದ್ದು ಬೇರೆ ಡಾಕ್ಟರ ಬಳಿ ಹೋಗುತ್ತಾರೆ. ಹೋಗಲಿ. ಅಲ್ಲಿಗೆ ಬೇರೆ ಯಾರಾದರೂ ಕಾರು ಓಡಿಸಿಕೊಂಡು ಕರೆದೊಯ್ದರೆ ಸಾಕು.